ಇಲ್ಲಿ ಬಾಲ ಕೊಯ್ಯುವುದಿಲ್ಲ

ಕಾಯಿಲೆ ಬಿದ್ದ ಪ್ರಾಣಿಗಳನ್ನು ನೋಡುವುದು ನನ್ನ ಕೆಲಸ. ಆದರೆ ನಮ್ಮ ದನದ ಆಸ್ಪತ್ರೆಗೆ ಬರುವ ಪ್ರಾಣಿಗಳಲ್ಲಿ ಕೆಲವಕ್ಕೆ ಏನೂ ಆಗಿರುವುದಿಲ್ಲ, ಆಗಿರುವುದೆಲ್ಲ ಅವನ್ನು ಕರೆತಂದವರಿಗೆ. ನಾಯಿಯ ಬಾಲ ಅಡ್ಡ ಬರುತ್ತದೆ, ಬೆಕ್ಕಿನ ಉಗುರು ಪರಚುತ್ತದೆ, ಸ್ವಲ್ಪ ಕೊಯ್ದು ಕೊಡಿ ಎನ್ನುತ್ತಾರೆ. ಪ್ಯಾಂಟು ಉದ್ದವಾಯಿತೆಂದು ಟೇಲರ್ ಹತ್ತಿರ ಬಂದವರ ಹಾಗೆ ಕೇಳುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾಲ್ಕು ಕಡೆ ವರ್ಗವಾಗಿ ತಿರುಗಿದ್ದೇನೆ. ಊರು ಬದಲಾಯಿತು, ಇಂಥ ಗಿರಾಕಿಗಳು ಬದಲಾಗಲಿಲ್ಲ.

ನನ್ನ ಹತ್ತಿರ ಒಂದು ತಗಡಿನ ಬೋರ್ಡಿದೆ. ವರ್ಗವಾದಾಗಲೆಲ್ಲ ಹಾಸಿಗೆ, ಪಾತ್ರೆ, ಮಿಕ್ಸಿಯ ಜೊತೆ ಅದೂ ಲಗೇಜ್ ಆಟೋ ಹತ್ತುತ್ತದೆ. ಮೊದಲು ಅದರ ಮೇಲೆ ‘ಇಲ್ಲಿ ಬಾಲ ಕೊಯ್ಯುವುದಿಲ್ಲ’ ಎಂದಷ್ಟೇ ಇತ್ತು. ಆಮೇಲಾಮೇಲೆ ಒಂದೊಂದೇ ಪದ ಸೇರಿತು, ಒಂದೊಂದೂ ಬೇರೆ ಬೇರೆ ಬಣ್ಣದಲ್ಲಿ. ಮನುಷ್ಯರ ಅನುಕೂಲಕ್ಕೆ ಪ್ರಾಣಿಯ ಮೈಗೆ ಕತ್ತರಿ ಹಾಕುವುದಿಲ್ಲ ಅನ್ನುವುದು ನನ್ನ ಹಟ. ಆ ಹಟವನ್ನು ನಾನೇ ಮುರಿಯುವ ಹೊತ್ತು ಒಂದೇ ಒಂದು ಸಲ ಬಂದಿತ್ತು. ಅದು ಜಗಳೂರಿನಲ್ಲಿ. ಕೊನೆಗೆ ಹೇಳುತ್ತೇನೆ.

ಟೀ ಗ್ಲಾಸು

ಹಟ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಆಗ ಚನ್ನಗಿರಿ ತಾಲ್ಲೂಕಿನಲ್ಲಿ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಬಸವಾಪಟ್ಟಣದಲ್ಲಿ ಬಸ್ ನಿಲ್ಲುವ ಕಡೆ ಟೀ ಹೋಟೆಲ್ ಇಟ್ಟಿದ್ದವರೊಬ್ಬರು ತಮ್ಮ ನಾಯಿಯನ್ನು ಕರೆದುಕೊಂಡು ಬಂದರು. ಬಲು ಪ್ರೀತಿಯ ನಾಯಿ. ಗಿರಾಕಿ ಬಂದರೆ ಸಾಕು, ಬೆಂಚುಗಳ ನಡುವೆ ನುಗ್ಗಿ ಬಾಲ ಬೀಸುತ್ತಿತ್ತು, ಬೀಸಿದ ಏಟಿಗೆ ಟೀ ಗ್ಲಾಸುಗಳು ನೆಲಕ್ಕೆ ಬೀಳುತ್ತಿದ್ದವು. ಬಾಲ ಒಂದು ಇಲ್ಲದಿದ್ದರೆ ಇದರಂಥ ನಾಯಿ ಇನ್ನೊಂದಿಲ್ಲ ಎಂದರು.

ನನಗೆ ಹೊಸ ಹುರುಪು. ಕೈ ಎಷ್ಟು ಚೆನ್ನಾಗಿದೆ ಎಂದು ನಾಲ್ಕು ಜನಕ್ಕೆ ತೋರಿಸಬೇಕಿತ್ತು. ಬೇಡವೆನ್ನಬೇಕು ಎಂದು ಹೊಳೆಯಲೇ ಇಲ್ಲ. ಕೊಯ್ದೆ, ಹೊಲಿದೆ, ಗಾಯ ಗುರುತು ಸಿಗದಂತೆ ಮಾಯಿತು. ಒಂದು ವಾರ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರು ತಿಂಗಳ ಮೇಲೆ ದನಗಳಿಗೆ ಲಸಿಕೆ ಹಾಕಲು ಆ ಕಡೆ ಹೋದವಳು ಅದೇ ಹೋಟೆಲಿನಲ್ಲಿ ಟೀಗೆ ಕೂತೆ. ನಾಯಿ ನನ್ನನ್ನು ಕಂಡು ಓಡಿ ಬಂತು. ನಾನೇ ಕೊಯ್ದವಳು ಅಂತ ಅದಕ್ಕೆ ಗೊತ್ತಿತ್ತೋ ಇಲ್ಲವೋ, ಖುಷಿಯಂತೂ ತಡೆಯಲಾರದಷ್ಟಿತ್ತು. ಬಾಲ ಬೀಸೋಣವೆಂದರೆ ಬಾಲವಿಲ್ಲ. ಹಾಗಾಗಿ ಸೊಂಟದಿಂದ ಹಿಂದೆ ಇದ್ದದ್ದನ್ನೆಲ್ಲ ಬೀಸಿತು. ಬೀಸಿದ ರಭಸಕ್ಕೆ ಹಿಂಗಾಲು ಜಾರಿ ದೊಪ್ಪನೆ ಕೂತಿತು. ಎದ್ದಿತು, ಮತ್ತೆ ಬೀಸಿತು, ಮತ್ತೆ ಕೂತಿತು. ನನಗೆ ನಗು ಬಂತು, ಆ ನಗು ಮುಗಿಯುವ ಮೊದಲೇ ನಾಚಿಕೆಯೂ ಆಯಿತು. ಅದು ಬೀಳುತ್ತಿದ್ದದ್ದು ನನ್ನ ಕೈಗುಣದಿಂದ.

ಹೋಟೆಲಿನವರು ಟೀ ತಂದಿಟ್ಟು ಎದುರಿಗೇ ನಿಂತರು. ಮುಖ ಸಪ್ಪಗಿತ್ತು.

“ಮೇಡಂ, ಗ್ಲಾಸ್ ಉಳಿದ್ವು, ಗಿರಾಕಿ ಹೋದ್ರು. ಇದು ಓಡಿ ಬಂದ್ರೆ ಕಚ್ಚಾಕೆ ಬರ್ತೈತೋ ಮುದ್ದು ಮಾಡಾಕೆ ಬರ್ತೈತೋ ಯಾರಿಗೂ ತಿಳಿಯಲ್ರಿ. ಬಾಗಿಲಿನಾಗೇ ವಾಪಸ್ ತಿರುಗ್ತಾರೆ.”

ನಾನು ತಲೆ ತಗ್ಗಿಸಿ ಟೀ ಕುಡಿದೆ. ಅವರು ಸ್ವಲ್ಪ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಆ ಬಾಲ ಇನ್ನೂ ನಿಮ್ಮ ಹತ್ರ ಐತೇನ್ರಿ? ಐತೆ ಅಂದ್ರೆ ವಾಪಸ್ ಹಚ್ಚಿ ಕೊಡ್ರಿ.”

ಫೋಟೋದಲ್ಲಿ ಇದ್ದ ಹಾಗೆ

ಆ ವಾರವೇ ಬೋರ್ಡ್ ಬರೆಸಿ ಆಸ್ಪತ್ರೆಯ ಬಾಗಿಲಿಗೆ ತೂಗುಹಾಕಿದೆ. ಬರೆಸುವಾಗ ಬಾಲ ಒಂದೇ ನೆನಪಿದ್ದದ್ದು ನನ್ನ ದಡ್ಡತನ. ಹದಿನೈದು ದಿನ ಕಳೆದಿರಲಿಲ್ಲ, ತ್ಯಾವಣಿಗೆ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಕಾರಿನಲ್ಲಿ ಬಂದಿಳಿದರು. ತೋಳಿನಲ್ಲಿ ಒಂದು ದುಬಾರಿ ನಾಯಿಮರಿ, ಅದರ ಎರಡು ಕಿವಿಯೂ ಕೆಳಗೆ ಜೋತು ಬಿದ್ದಿದ್ದವು. ಬೋರ್ಡ್ ಓದಿ, ಬಾಲ ಬೇಡ ಮೇಡಂ, ಕಿವಿ ಮಾತ್ರ ಸಾಕು ಎಂದರು. ಮೊಬೈಲ್ ತೆಗೆದು, ಕಿವಿ ನೆಟ್ಟಗೆ ನಿಂತ ನಾಯಿಯ ಫೋಟೋ ತೋರಿಸಿ, ಇದೇ ಥರ ಆಗಬೇಕು ಎಂದರು. ಕ್ಷೌರದ ಅಂಗಡಿಯಲ್ಲಿ ಕೂತು ಹೀರೋನ ಫೋಟೋ ತೋರಿಸುವವರಿಗೂ ಅವರಿಗೂ ಏನೂ ವ್ಯತ್ಯಾಸವಿರಲಿಲ್ಲ.

ಅದು ಕೂದಲಲ್ಲ, ಕೊಯ್ದರೆ ನೋಯುತ್ತದೆ, ವಾರಗಟ್ಟಲೆ ಪಟ್ಟಿ ಕಟ್ಟಿಕೊಂಡು ನರಳಬೇಕು, ಅದರಿಂದ ಮರಿಗೆ ಎಳ್ಳಷ್ಟೂ ಉಪಯೋಗವಿಲ್ಲ, ಕಾನೂನೂ ಒಪ್ಪುವುದಿಲ್ಲ ಎಂದೆಲ್ಲ ಹೇಳಿದೆ. ಗೇಟಿನಲ್ಲಿ ನಿಂತರೆ ನೋಡಿದವರು ಹೆದರಬೇಕು, ಹೀಗೆ ಜೋತು ಬಿದ್ದ ಕಿವಿಗೆ ಯಾರು ಹೆದರುತ್ತಾರೆ ಎಂಬುದೊಂದೇ ಅವರ ವಾದ. ಅಷ್ಟರಲ್ಲಿ ಕಾರಿನಲ್ಲಿ ಕೂತು ಬೇಸತ್ತಿದ್ದ ಅವರ ತಾಯಿ ಎಲೆಅಡಿಕೆ ಮೆಲ್ಲುತ್ತ ಒಳಗೆ ಬಂದರು. ಏನು ನಡೆದಿದೆ ಎಂದು ಕೇಳಿ ತಿಳಿದುಕೊಂಡರು. ಮರಿಯ ಕಿವಿ ನೋಡಿದರು, ಆಮೇಲೆ ಮಗನ ಕಿವಿ ನೋಡಿದರು.

“ನೀನು ಹುಟ್ಟಿದಾಗ ನಿನ್ನ ಕಿವಿ ಮೊರದಗಲ ಇದ್ವು. ಓಣಿ ಮಂದಿಯೆಲ್ಲ ನೋಡಾಕೆ ಬರ್ತಿದ್ರು. ನಾನೇನು ಕೊಯ್ಸಿದ್ನೇನಲೇ?”

ವ್ಯಾಪಾರಿ ಕೂಡಲೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಕಿವಿ ಮುಚ್ಚಿದಾಗಲೇ ಅವು ಎಷ್ಟು ದೊಡ್ಡವು ಅಂತ ನನಗೂ ಗೊತ್ತಾದದ್ದು. ಮರಿಯನ್ನು ಎತ್ತಿಕೊಂಡು ಕಾರಿನ ಕಡೆ ನಡೆದರು. ತಾಯಿ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು.

“ಕೊಯ್ಯೋದೇ ಆದ್ರೆ ಹೇಳಿ ಕಳಿಸ್ರಿ ಡಾಕ್ಟ್ರಮ್ಮ. ದೊಡ್ಡೋನಿಂದ ಶುರು ಮಾಡೋಣ.”

ಹೊಸ ಸೋಫಾ

‘ಬಾಲ’ದ ಪಕ್ಕ ‘ಕಿವಿ’ಯನ್ನೂ ಬರೆಸಿಕೊಂಡು ಹೊನ್ನಾಳಿಗೆ ಹೋದೆ. ಅಲ್ಲಿ ಒಬ್ಬ ಟೀಚರಮ್ಮ ಚೀಲದಲ್ಲಿ ಬೆಕ್ಕು ತಂದರು. ಮನೆಗೆ ಹೊಸ ಸೋಫಾ ಬಂದಿದೆ, ಬೆಕ್ಕು ಅದನ್ನು ಪರಚುತ್ತದೆ, ಉಗುರು ಪೂರ್ತಿ ತೆಗೆದುಬಿಡಿ ಎಂದರು. ಉಗುರು ಕತ್ತರಿಸಿದ ಹಾಗೆ ಎಂದೇ ಅವರು ತಿಳಿದಿದ್ದರು. ಬೆಕ್ಕಿನ ಉಗುರು ಮತ್ತೆ ಬರದ ಹಾಗೆ ತೆಗೆಯಬೇಕೆಂದರೆ ಬೆರಳಿನ ತುದಿಯ ಮೂಳೆಯನ್ನೇ ತೆಗೆಯಬೇಕು ಎಂದು ಅವರದೇ ಬೆರಳು ಹಿಡಿದು ಎಲ್ಲಿಗೆ ಕೊಯ್ಯಬೇಕೆಂದು ತೋರಿಸಿದೆ. ಅವರ ಮುಖ ಬಿಳಿಚಿತು. ಬೆಕ್ಕನ್ನು ಎದೆಗವಚಿಕೊಂಡು, ಅಯ್ಯೋ ನನ್ನ ಕಂದ ಎಂದು ಅದರ ಹತ್ತಿರ ಕ್ಷಮೆ ಕೇಳಿದರು.

ಒಂದು ಮರದ ಕಂಬಕ್ಕೆ ಹಳೆ ಗೋಣಿಚೀಲ ಬಿಗಿಯಾಗಿ ಸುತ್ತಿ ಸೋಫಾದ ಪಕ್ಕ ನಿಲ್ಲಿಸಿ ನೋಡಿ, ಬೆಕ್ಕಿಗೆ ಗೋಣಿ ಅಂದರೆ ಪ್ರಾಣ ಎಂದು ಹೇಳಿ ಕಳಿಸಿದೆ. ತಿಂಗಳಾದ ಮೇಲೆ ಅವರ ಮನೆಯ ಮುಂದೆಯೇ ಹೋಗುತ್ತಿದ್ದಾಗ ಒಳಗೆ ಕರೆದರು. ಗೋಣಿಕಂಬ ಸೋಫಾದ ಪಕ್ಕದಲ್ಲಿ ದೇವರ ಹಾಗೆ ನಿಂತಿತ್ತು. ಬೆಕ್ಕು ಅದನ್ನು ಶ್ರದ್ಧೆಯಿಂದ ಪರಚುತ್ತಿತ್ತು, ಸೋಫಾದ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಸೋಫಾಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿದ್ದರು, ಮನೆಯವರೆಲ್ಲ ಚಾಪೆಯ ಮೇಲೆ ಕೂತಿದ್ದರು. ಬೆಕ್ಕು ಸರಿಹೋಯಿತಲ್ಲ, ಇನ್ನೂ ಯಾಕೆ ಕಟ್ಟಿದ್ದೀರಿ ಎಂದು ಕೇಳಿದೆ. ಟೀಚರಮ್ಮ ಗಂಡನ ಕಡೆ ನೋಡಿ ನಿಟ್ಟುಸಿರುಬಿಟ್ಟರು.

“ಬೆಕ್ಕಿಗೆ ಒಂದು ಸಲ ಹೇಳಿದ್ರೆ ತಿಳೀತು ಮೇಡಂ. ಇವ್ರು ಹೊಲದಿಂದ ಬಂದೋರು ಕೆಸರುಗಾಲು ಮ್ಯಾಲಿಟ್ಕೊಂಡೇ ಕೂರ್ತಾರೆ. ಇವರಿಗೆ ಏನಾದ್ರೂ ಆಪರೇಷನ್ ಐತೇನ್ರಿ?”

ಮೂರು ದಿನದ ಯೋಚನೆ

‘ಉಗುರು’ ಸೇರಿಸಿದ ಬೋರ್ಡ್ ನ್ಯಾಮತಿಗೆ ಬಂತು. ಅಲ್ಲಿ ಹೊಸ ಪದವೇನೂ ಸೇರಲಿಲ್ಲ, ಯಾಕೆಂದರೆ ಅಲ್ಲಿ ಬೇಡ ಎಂದವಳು ನಾನಲ್ಲ.

ಒಂದು ಆಪರೇಷನ್ ಮಾತ್ರ ನಾನು ಹಿಂದೆಮುಂದೆ ನೋಡದೆ ಮಾಡುತ್ತೇನೆ, ಸಂತಾನ ಆಗದಂತೆ ಮಾಡುವುದು. ಇದೂ ಮನುಷ್ಯರ ಅನುಕೂಲಕ್ಕೇ ಅಲ್ಲವೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸ್ವಲ್ಪ ಹೌದು. ಆದರೆ ಕಣ್ಣು ಬಿಡದ ಮರಿಗಳನ್ನು ಚೀಲದಲ್ಲಿ ಕಟ್ಟಿ ಕಾಲುವೆ ದಂಡೆಗೆ ಬಿಟ್ಟುಹೋದದ್ದನ್ನು ನಾನು ಕಂಡಿದ್ದೇನೆ. ಅದನ್ನು ಕಂಡ ಮೇಲೆ ನನಗೆ ಈ ವಿಷಯದಲ್ಲಿ ಅನುಮಾನ ಉಳಿದಿಲ್ಲ.

ಅಲ್ಲಿ ಗಂಡ ಹೆಂಡತಿ ಇಬ್ಬರು ತಮ್ಮ ಗಂಡುನಾಯಿಯನ್ನು ಪದೇ ಪದೇ ತರುತ್ತಿದ್ದರು. ಊರಿನ ನಾಯಿಗಳ ಜೊತೆಗೆಲ್ಲ ಕಚ್ಚಾಡಿ ಮೈತುಂಬ ಗಾಯ ಮಾಡಿಕೊಂಡು ಬರುವುದು ಅದರ ಅಭ್ಯಾಸ. ಆಪರೇಷನ್ ಮಾಡಿಸಿ, ಅದಕ್ಕೂ ನೆಮ್ಮದಿ, ಊರಿಗೂ ನೆಮ್ಮದಿ ಎಂದೆ. ಗಂಡನ ಮುಖ ಸಣ್ಣದಾಯಿತು. ಪಾಪ, ಅದರ ಜೀವನವೇನಾಗಬೇಕು, ಅದಕ್ಕೂ ಒಂದು ಮನಸ್ಸಿಲ್ಲವೇ, ಅದರ ಒಪ್ಪಿಗೆ ಇಲ್ಲದೆ ನಾವು ಹೇಗೆ ತೀರ್ಮಾನ ಮಾಡುವುದು ಎಂದರು. ಕೇಳಿದರೆ ಒಪ್ಪಬೇಕಾದ ಮಾತುಗಳೇ. ಇಷ್ಟು ಚೆನ್ನಾಗಿ ಪ್ರಾಣಿಗಳ ಪರ ವಾದ ಮಾಡಿದವರನ್ನು ನಾನು ನೋಡಿರಲಿಲ್ಲ. ಯೋಚನೆ ಮಾಡಿ ಹೇಳುತ್ತೇವೆ ಎಂದು ಹೋದರು. ಮರುದಿನ ಬಂದು ಇನ್ನೂ ಯೋಚನೆ ಮಾಡುತ್ತಿದ್ದೇವೆ ಎಂದರು. ಮೂರನೆಯ ದಿನ ಗಂಡ ಊಟವೂ ಸೇರುತ್ತಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು.

ಅವತ್ತು ಹೆಂಡತಿ ಬಾಯಿಬಿಟ್ಟರು.

“ನೋಡ್ರಿ ಮೇಡಂ, ಎರಡನೇ ಹೆರಿಗೆ ಆದಾಗ ನನಗೆ ಆಪರೇಷನ್ ಮಾಡ್ಸಾಕೆ ಇವ್ರು ಟೀ ಆರೋದ್ರೊಳಗೆ ಸೈನ್ ಹಾಕಿದ್ರು. ನಾಯಿಗೆ ಮೂರು ದಿನದಿಂದ ಉಪವಾಸ ಕೂತಾರೆ.”

ಗಂಡ ಪೆನ್ನು ಕೇಳಿದರು. ಸೈನ್ ಮಾಡಿ ನಾಯಿಯನ್ನು ಬಿಟ್ಟು, ಅದರ ಮುಖ ನೋಡಲಾರದೆ ಹೊರಗೆ ಹೋಗಿ ನಿಂತರು. ಆಪರೇಷನ್ ಮುಗಿಯುವವರೆಗೂ ತಮ್ಮ ಎರಡು ಕೈಯನ್ನೂ ಮುಂದೆ ಭದ್ರವಾಗಿ ಕಟ್ಟಿಕೊಂಡೇ ನಿಂತಿದ್ದರಂತೆ.

ಗಂಟಲಿನ ಅರ್ಜಿ

ಇನ್ನು ಜಗಳೂರು.

ಒಂದು ಓಣಿಯ ಬಾಯಲ್ಲೇ ಬಾಡಿಗೆ ಮನೆ ಮಾಡಿಕೊಂಡು ರವಿಕೆ ಹೊಲಿಯುವ ಹೆಂಗಸೊಬ್ಬರಿದ್ದರು. ಓಣಿಯವರಿಗೆಲ್ಲ ಅವರು ಟೇಲರಕ್ಕ. ಒಬ್ಬರೇ ಇದ್ದರು, ಜೊತೆಗೆ ಕೆಂಚ ಅಂತ ಒಂದು ನಾಟಿ ನಾಯಿ. ಅವರು ಮಷೀನ್ ತುಳಿದರೆ ಅದು ಪಕ್ಕದಲ್ಲಿ ಮಲಗುತ್ತಿತ್ತು, ಹೊರಗೆ ಯಾರು ಹೋದರೂ ಎದ್ದು ಬೊಗಳುತ್ತಿತ್ತು. ಬೊಗಳುವುದರಲ್ಲಿ ಅದು ಬಡವರು, ಶ್ರೀಮಂತರು ಎಂದು ಭೇದ ಮಾಡಿದ್ದಿಲ್ಲ.

ಒಂದು ಗುರುವಾರ ಟೇಲರಕ್ಕನನ್ನು ಮುಂದಿಟ್ಟುಕೊಂಡು ಓಣಿಯ ಹಿರಿಯರೊಬ್ಬರು ಆಸ್ಪತ್ರೆಗೆ ಬಂದರು. ಯಾವುದೋ ಆಫೀಸಿನಲ್ಲಿ ಗುಮಾಸ್ತರಾಗಿ ರಿಟೈರಾದವರು. ಕೈಯಲ್ಲಿ ಅರ್ಜಿ, ಅರ್ಜಿಯ ಕೆಳಗೆ ಇಡೀ ಓಣಿಯ ಸಹಿ. ಸದರಿ ನಾಯಿಯು ಹಗಲುಹೊತ್ತಿನಲ್ಲಿ ಬೊಗಳುವ ಸದ್ದು ಓಣಿಯ ಕಟ್ಟಕಡೆಯ ಮನೆಯಾದ ನಮ್ಮ ಮನೆಯವರೆಗೂ ಕಿವಿ ಹರಿಯುವಂತೆ ಕೇಳಿಸುತ್ತಿದ್ದು, ಮಧ್ಯಾಹ್ನದ ವಿಶ್ರಾಂತಿಗೆ ತೀವ್ರ ಭಂಗವಾಗಿರುವುದರಿಂದ, ಶಸ್ತ್ರಚಿಕಿತ್ಸೆಯ ಮೂಲಕ ಅದರ ದನಿಯನ್ನು ತೆಗೆದುಹಾಕಬೇಕಾಗಿ ವಿನಂತಿ ಎಂದು ಬರೆದಿದ್ದರು. ಇಂಥದೊಂದು ಆಪರೇಷನ್ ಇದೆ ಎಂದು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದರು.

ನಾನು ಬೆರಳೆತ್ತಿ ಬೋರ್ಡ್ ತೋರಿಸಿದೆ. ಗುಮಾಸ್ತರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಬಾಲ, ಕಿವಿ, ಉಗುರು. ಇದ್ರಾಗೆ ಗಂಟಲ ಎಲ್ಲೈತೆ ಮೇಡಂ?” ಎಂದರು. ಜೀವಮಾನವೆಲ್ಲ ಕಡತ ನೋಡಿದವರ ಮುಂದೆ ನನ್ನ ತಗಡಿನ ಬೋರ್ಡ್ ಸೋತುಹೋಯಿತು.

ಬೋರ್ಡಿನಲ್ಲಿ ಇಲ್ಲದಿದ್ದರೂ ಮಾಡುವುದಿಲ್ಲ ಎಂದು ಹೇಳಿ ಅವರನ್ನು ಕಳಿಸಬಹುದಿತ್ತು. ಆದರೆ ಟೇಲರಕ್ಕ ಹೋಗಲಿಲ್ಲ. ಗುಮಾಸ್ತರು ಹೊರಗೆ ಹೋದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ವಿಷಯ ಹೇಳಿದರು. ಅರ್ಜಿಗೆ ಮನೆ ಮಾಲೀಕರೂ ಸಹಿ ಹಾಕಿದ್ದರು. ಸೋಮವಾರದೊಳಗೆ ನಾಯಿಯ ಬಾಯಿ ನಿಲ್ಲಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು ಎಂದಿದ್ದರು. ನಾಯಿ ಇದ್ದವರಿಗೆ ಆ ಊರಲ್ಲಿ ಬೇರೆ ಯಾರೂ ಮನೆ ಕೊಟ್ಟಿರಲಿಲ್ಲ. ನಾಯಿಯನ್ನು ದೂರ ಬಿಟ್ಟು ಬನ್ನಿ ಎಂದು ಓಣಿಯವರು ಹೇಳಿದ್ದಕ್ಕೆ ಇವರು ಒಪ್ಪಿರಲಿಲ್ಲ.

“ಮಾಡಿಬಿಡ್ರಿ ಮೇಡಂ. ದನಿ ಹೋದ್ರೂ ಜೊತೆಗಿರ್ತೈತಲ್ಲ.”

ಆ ಒಂದು ಮಾತಿಗೆ ನನ್ನ ಹಟವೆಲ್ಲ ಅಲುಗಾಡಿಹೋಯಿತು. ಆ ಆಪರೇಷನ್ ನನಗೆ ಬರುತ್ತದೆ. ಮಾಡಿದರೆ ನಾಯಿ ಬೊಗಳುವುದನ್ನು ಬಿಡುವುದಿಲ್ಲ, ಬೊಗಳುತ್ತಲೇ ಇರುತ್ತದೆ, ಕೆಮ್ಮಿದಂಥ ಸಣ್ಣ ಸದ್ದು ಬಿಟ್ಟರೆ ಏನೂ ಹೊರಡುವುದಿಲ್ಲ. ಬಸವಾಪಟ್ಟಣದ ನಾಯಿ ಬಾಲವಿಲ್ಲದೆ ಸೊಂಟ ಬೀಸಿ ಬಿದ್ದದ್ದು ಕಣ್ಣ ಮುಂದೆ ಬಂತು. ಆದರೆ ಮಾಡದಿದ್ದರೆ ಈ ಹೆಂಗಸು ಬೀದಿಗೆ ಬೀಳುತ್ತಾರೆ, ಇಲ್ಲವೇ ಕೆಂಚ ಬೀಳುತ್ತದೆ. ಏನೂ ತೋಚದೆ, ಆಪರೇಷನ್ನಿಗೆ ಮೊದಲು ಪರೀಕ್ಷೆಗಳಿವೆ, ಸೋಮವಾರದವರೆಗೆ ನಾಯಿ ಇಲ್ಲೇ ಇರಲಿ ಎಂದು ಇಟ್ಟುಕೊಂಡೆ. ಪರೀಕ್ಷೆ ಒಂದು ನೆಪ. ನನಗೆ ಬೇಕಾಗಿದ್ದದ್ದು ನಾಲ್ಕು ದಿನ.

ಆ ನಾಲ್ಕು ದಿನ ಮನೆ ಮಾಲೀಕರ ಹತ್ತಿರ ಎರಡು ಸಲ ಹೋಗಿ ಬೇಡಿಕೊಂಡೆ. ಅವರು ನನಗೆ ಟೀ ಕೊಟ್ಟರು, ಅಷ್ಟೇ. ಸೋಮವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಕತ್ತರಿ ಚಿಮಟಗಳನ್ನು ಕುದಿಯಲು ಇಡಿಸಿದೆ. ಟೇಲರಕ್ಕ ಬಂದು ಕೆಂಚನ ಪಕ್ಕ ನೆಲದ ಮೇಲೆ ಕೂತು ಅದರ ಗಂಟಲು ಸವರುತ್ತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ, ನಾಯಿಯ ಮುಖವನ್ನೂ ನೋಡಲಾಗಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಗಲಾಟೆ ಕೇಳಿಸಿತು. ಹತ್ತು ಹನ್ನೆರಡು ಹೆಂಗಸರು ಖಾಲಿ ಕೊಡ ಹಿಡಿದು ಬರುತ್ತಿದ್ದರು. ಹಿಂದೆ ಗುಮಾಸ್ತರು ಬಕೆಟ್ ಹಿಡಿದು ಬರುತ್ತಿದ್ದರು. ಅವರ ಹಿಂದೆ ಮನೆ ಮಾಲೀಕರು, ತಲೆ ಕೆದರಿಕೊಂಡು. ದನದ ಆಸ್ಪತ್ರೆಗೆ ಕೊಡ ತಂದದ್ದು ಯಾಕೆಂದು ತಿಳಿಯದೆ, ನಮ್ಮ ಬೋರ್‌ವೆಲ್ ಕೆಟ್ಟಿದೆ ಎಂದು ಮೊದಲೇ ಹೇಳಿಬಿಟ್ಟೆ. ನೀರು ಬೇಡ, ನಾಯಿ ಕೊಡಿ ಎಂದರು.

ನಡೆದದ್ದು ಹೀಗೆ. ಆ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಯಾವ ಹೊತ್ತಿಗೆ ಅನ್ನುವುದು ನೀರು ಬಿಡುವವನ ಮರ್ಜಿ. ಓಣಿಯ ಬಾಯಲ್ಲೇ ಇರುವ ವಾಲ್ವ್ ತಿರುಗಿಸಲು ಅವನು ಕಬ್ಬಿಣದ ಉದ್ದ ಕೀಲಿ ಹೆಗಲ ಮೇಲಿಟ್ಟುಕೊಂಡು ಬರುತ್ತಾನೆ. ಕೆಂಚ ಮರಿಯಾಗಿದ್ದಾಗ ಆ ಕೀಲಿ ಬೀಸಿ ಒಮ್ಮೆ ಹೆದರಿಸಿದ್ದನಂತೆ. ಅವತ್ತಿನಿಂದ ಅವನನ್ನು ಕಂಡರೆ ಕೆಂಚನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಬೇರೆಯವರಿಗೆ ನಾಲ್ಕು ಸಲ ಬೊಗಳಿ ಬಿಡುವ ನಾಯಿ, ಅವನಿಗೆ ಮಾತ್ರ ಉಸಿರು ಬಿಡದೆ ಬೊಗಳುತ್ತಿತ್ತು. ಆ ಬೊಗಳುವ ಸದ್ದು ಕಿವಿಗೆ ಬಿದ್ದರೆ ಹೆಂಗಸರ ಕೈ ತಾನಾಗಿಯೇ ಕೊಡದ ಕಡೆ ಹೋಗುತ್ತಿತ್ತು. ನೀರು ಬಂದದ್ದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ನಾಲ್ಕು ವರ್ಷದಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಭಾನುವಾರ ಮಧ್ಯಾಹ್ನ ಅವನು ಬಂದು ನೀರು ಬಿಟ್ಟ, ಒಂದು ಗಂಟೆ ಬಿಟ್ಟು ನಿಲ್ಲಿಸಿಕೊಂಡು ಹೋದ. ಇಡೀ ಓಣಿ ಹಾಯಾಗಿ ಮಲಗಿತ್ತು. ಪಕ್ಕದ ಓಣಿಯವರು ಡ್ರಮ್ ತುಂಬಿಸಿಕೊಂಡರು, ಇವರಿಗೆ ಗೊತ್ತಾದದ್ದು ಸಂಜೆ.

“ಎಂಟು ದಿನ ಇನ್ನು ಏನು ಮಾಡ್ಬೇಕ್ರಿ” ಎಂದು ಒಬ್ಬ ಹೆಂಗಸು ಕೊಡ ನೆಲಕ್ಕಿಟ್ಟು ಕೇಳಿದರು. ಆಪರೇಷನ್ ಆಗಿಹೋಯಿತೇ ಎಂದು ಕೇಳುವಾಗ ಎಲ್ಲರ ಮುಖದಲ್ಲೂ ಗಾಬರಿ ಇತ್ತು. ನಾನು ಉತ್ತರ ಕೊಡಬೇಕಾಗಲಿಲ್ಲ. ಇಷ್ಟು ಜನರನ್ನು ಕಂಡ ಕೆಂಚ ಒಳಗಿನಿಂದ ಬೊಗಳಿತು. ಆ ಸದ್ದಿಗೆ ಹೆಂಗಸರೆಲ್ಲ ಸಮಾಧಾನದ ಉಸಿರು ಬಿಟ್ಟರು.

ಗುಮಾಸ್ತರು ನನ್ನ ಮೇಜಿನ ಮೇಲೇ ಹೊಸ ಅರ್ಜಿ ಬರೆದರು. ಹಿಂದಿನ ಅರ್ಜಿಯನ್ನು ರದ್ದುಪಡಿಸಿ, ಸದರಿ ನಾಯಿಯನ್ನು ಸದರಿ ದನಿಯೊಂದಿಗೆ ಯಥಾಸ್ಥಿತಿಯಲ್ಲಿ ಓಣಿಗೆ ಹಿಂದಿರುಗಿಸಬೇಕಾಗಿ ವಿನಂತಿ. ಮೊದಲ ಸಹಿ ಮನೆ ಮಾಲೀಕರದು. ಸ್ನಾನಕ್ಕೆ ನೀರಿಲ್ಲದ ಮನುಷ್ಯ ಎಷ್ಟು ಬೇಗ ಮೆತ್ತಗಾಗುತ್ತಾನೆ ಎಂದು ಅವತ್ತು ನೋಡಿದೆ. ಮನೆ ಖಾಲಿ ಮಾಡುವ ಮಾತು ಇನ್ನು ಎತ್ತುವುದಿಲ್ಲ ಎಂದು ಅದರಲ್ಲೇ ಒಂದು ಸಾಲು ಬರೆಸಿಕೊಂಡೆ, ಅದಕ್ಕೂ ಸಹಿ ಹಾಕಿದರು.

ಟೇಲರಕ್ಕ ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು. ಹಗ್ಗ ಬಿಚ್ಚಿದ ಕೂಡಲೇ ಕೆಂಚ ಖುಷಿಯಿಂದ ಬಾಲ ಬೀಸಿತು, ಏಟಿಗೆ ಸ್ಪಿರಿಟ್ ಬಾಟಲಿ ಕೆಳಗೆ ಬಿದ್ದು ಒಡೆಯಿತು. ಒಡೆಯಲಿ ಬಿಡು ಅಂದುಕೊಂಡೆ. ಅಷ್ಟು ಹಗುರವಾಗಿ ನನ್ನ ಕೆಲಸದಲ್ಲಿ ಯಾವತ್ತೂ ಅನ್ನಿಸಿರಲಿಲ್ಲ. ಕುದಿಯುತ್ತಿದ್ದ ಕತ್ತರಿಗಳನ್ನು ಇಳಿಸಿ, ಅಟೆಂಡರಿಗೆ ಬಣ್ಣ ಮತ್ತು ಬ್ರಷ್ ತರಲು ಹೇಳಿದೆ. ಉಗುರಿನ ಪಕ್ಕದಲ್ಲಿ ಜಾಗ ಕಡಿಮೆ ಇತ್ತು, ಇಕ್ಕಟ್ಟಿನಲ್ಲೇ ‘ದನಿ’ ಎಂದು ಬರೆದೆ.

ಎಲ್ಲರೂ ನಾಯಿಯ ಹಿಂದೆ ಮೆರವಣಿಗೆ ಹೊರಟರು. ಗುಮಾಸ್ತರು ಮಾತ್ರ ಹಿಂದೆ ಉಳಿದು, ಬೋರ್ಡಿನ ಮೇಲಿನ ಹಸಿ ಬಣ್ಣವನ್ನು ಗಮನವಿಟ್ಟು ಓದಿದರು. ಕೊಯ್ಯುವುದಿಲ್ಲ ಎಂದು ತಾನೇ ಬರೆದಿರುವುದು ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹತ್ತಿರ ಬಂದರು.

“ನಮ್ಮ ಮನೆ ಓಣಿ ಕೊನ್ಯಾಗೈತೆ ಮೇಡಂ, ಅಲ್ಲಿಗೆ ಇದ್ರ ಸದ್ದು ಸರಿಯಾಗಿ ಕೇಳ್ಸೋದೇ ಇಲ್ಲ. ದನಿ ಜೋರು ಮಾಡೋ ಆಪರೇಷನ್ ಏನಾದ್ರೂ ಐತಾ?”